ರೊಟ್ಟಿ ಕಾಯುವವನ ಊರಿನಲ್ಲಿ

ವಿಮಾನ ನಿಲ್ದಾಣ

ಕುವೈತ್ ನೋಡಿ ಬಂದವರು ಬರೆದದ್ದನ್ನು ನಾನೂ ಓದಿದ್ದೇನೆ. ಮರಳು, ಒಂಟೆ, ನೀರಿಗಿಂತ ಅಗ್ಗದ ಪೆಟ್ರೋಲು, ಕಣ್ಣು ಕುಕ್ಕುವ ಅಂಗಡಿಗಳು. ಅದೆಲ್ಲ ಉಂಟು ಮಾರಾಯ್ರೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಹೋದದ್ದು ನೋಡಲಿಕ್ಕಲ್ಲ, ನನ್ನ ತಂಗಿ ಎವ್ಲಿನ್‌ಳನ್ನು ಜೀವ ಇರುವಾಗಲೇ ಮನೆಗೆ ಕರೆತರಲಿಕ್ಕೆ. ನೀವು ಕೇಳಿದ ಕುವೈತ್ ಈ ಬರಹದಲ್ಲಿ ಸಿಗದಿದ್ದರೆ ನನ್ನನ್ನು ಬೈಯಬೇಡಿ.

ಎವ್ಲಿನ್ ಜಹ್ರಾದ ಒಂದು ಮನೆಯಲ್ಲಿ ಹದಿಮೂರು ವರ್ಷ ಅಡಿಗೆ ಮಾಡಿದಳು. ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ಊರಿಗೆ ಹೋಗುತ್ತೇನೆ ಅಂದಳು. ರಂಜಾನ್ ಕಳೆಯಲಿ ಅಂದರು. ಕಳೆಯಿತು. ಮಗಳ ಮದುವೆ ಆಗಲಿ ಅಂದರು. ಅದೂ ಆಯಿತು. ಕೊನೆಗೆ ಒಂದು ಬೆಳಿಗ್ಗೆ ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಗೇಟು ದಾಟಿ ಟ್ಯಾಕ್ಸಿ ಹಿಡಿದು ಜಾಬ್ರಿಯಾದ ಆಸ್ಪತ್ರೆಗೆ ಬಂದು ಬಿದ್ದಳು. ಮನೆಯ ಯಜಮಾನ ನಾಸರ್ ಆ ವಾರವೇ ಕೆಲಸದವಳು ಓಡಿಹೋದಳು ಎಂದು ಕೇಸು ಕೊಟ್ಟ.

ನಾಸರ್ ಅವಳ ಕಫೀಲ್. ಗಲ್ಫಿಗೆ ಹೋದವರ ಮನೆಯಲ್ಲಿ ಈ ಪದ ಕೇಳದವರಿಲ್ಲ. ನಿಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಮನುಷ್ಯ ಅವನು. ನಿಮ್ಮ ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಅವನ ಹೆಸರಿನಲ್ಲಿ, ನಿಮ್ಮ ಪಾಸ್‌ಪೋರ್ಟು ಅವನ ಕಪಾಟಿನಲ್ಲಿ. ಓಡಿಹೋದ ಕೇಸು ಇದ್ದವಳು ವಿಮಾನ ಹತ್ತುವ ಹಾಗಿಲ್ಲ, ಕೇಸು ಹಾಕಿದವನೇ ಹೋಗಿ ತೆಗೆಸಬೇಕು. ಡಾಕ್ಟರು ಆಗಲೇ ಕೈಚೆಲ್ಲಿದ್ದರು. ಕೇಸು ಮೊದಲು ಹೋಗುತ್ತದೋ, ಎವ್ಲಿನ್ ಮೊದಲು ಹೋಗುತ್ತಾಳೋ, ಅಷ್ಟೇ ಉಳಿದದ್ದು.

ನಾನು ಬಂಟ್ವಾಳ ಕಡೆಯ ನಿವೃತ್ತ ಇಂಗ್ಲಿಷ್ ಟೀಚರ್. ಶಾಲೆಯಲ್ಲಿ ಮಕ್ಕಳು ಹಿಂದಿನಿಂದ ನನ್ನನ್ನು ಜೀರಿಗೆ ಮೆಣಸು ಎಂದು ಕರೆಯುತ್ತಿದ್ದರು, ಅದು ನನಗೆ ಗೊತ್ತಿದೆ ಎಂಬುದೂ ಅವರಿಗೆ ಗೊತ್ತಿತ್ತು. ವಿಸಿಟ್ ವೀಸಾ ಹೇಗೆ ಸಿಕ್ಕಿತೆಂದು ಬರೆದರೆ ಉಪಕಾರ ಮಾಡಿದವರಿಗೆ ತೊಂದರೆ. ಬಿಡಿ.

ಕಸ್ಟಮ್ಸಿನಲ್ಲಿ ನನ್ನ ಪ್ರಾರ್ಥನೆ ಪುಸ್ತಕ ತೆರೆದ ಅಧಿಕಾರಿಗೆ ಒಳಗೆ ಒಂದು ಒಣಗಿದ ಭತ್ತದ ತೆನೆ ಸಿಕ್ಕಿತು. ನಮ್ಮ ಕ್ರೈಸ್ತರ ಹೊಸ ಬೆಳೆಯ ಹಬ್ಬವಾದ ಮೊಂತಿ ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಡುವ ಹೊಸ ತೆನೆ ಅದು, ನಾವು ಕೊಂಕಣಿಯವರು ನೊವೆಂ ಅನ್ನುತ್ತೇವೆ. ಮನೆಯವರೆಲ್ಲ ಅದರಿಂದ ಒಂದು ಕಾಳಾದರೂ ತಿನ್ನಬೇಕು, ಪರದೇಶದಲ್ಲಿ ಇದ್ದವರಿಗೆ ಲಕೋಟೆಯಲ್ಲಿ ಹಾಕಿ ಕಳಿಸುವುದೂ ಉಂಟು. ಅವನು ತೆನೆಯನ್ನು ಮೂಸಿದ, ಬೆಳಕಿಗೆ ಹಿಡಿದ, ಇನ್ನೊಬ್ಬನನ್ನು ಕರೆದ. ರೈಸ್ ರೈಸ್ ಎಂದು ನಾನು ಹೇಳಿದ್ದೇ ಹೇಳಿದ್ದು. ಕೊನೆಗೆ "ಐಶ್?" ಎಂದು ನಕ್ಕು ಪುಸ್ತಕ ಮುಚ್ಚಿಕೊಟ್ಟ.

ಹೊರಗೆ ಕಾಯುತ್ತಿದ್ದದ್ದು ಹಮೀದ್. ಉಪ್ಪಿನಂಗಡಿಯ ಬ್ಯಾರಿ, ಜಹ್ರಾದಲ್ಲಿ ದಿನಸಿ ಅಂಗಡಿ. ಎವ್ಲಿನ್ ಕೆಲಸಕ್ಕಿದ್ದ ಮನೆಗೆ ಹಿಟ್ಟು, ಸಕ್ಕರೆ ಹೋಗುವುದು ಅವನ ಅಂಗಡಿಯಿಂದಲೇ. ಅವಳು ಆಸ್ಪತ್ರೆಯಲ್ಲಿ ಇದ್ದಾಳೆಂದು ನನಗೆ ಫೋನು ಮಾಡಿದ್ದೂ ಅವನೇ.

"ನೀವು ನನ್ನ ಅಕ್ಕನಿಗೆ ಪಾಠ ಮಾಡಿದ್ದೀರಿ ಟೀಚರ್," ಅಂದ. "ಹೊಡೆದದ್ದೂ ಉಂಟಂತೆ."

"ಹೊಡೆದಿದ್ದರೆ ಕಾರಣ ಇರಬೇಕು," ಅಂದೆ.

ಐಶ್ ಎಂದರೆ ಏನೆಂದು ಕಾರಿನಲ್ಲಿ ಕೇಳಿದೆ. "ಬದುಕು ಅಂತ ಅರ್ಥ. ಇಲ್ಲಿಯವರು ಅನ್ನಕ್ಕೆ ಐಶ್ ಅಂತಾರೆ. ಈಜಿಪ್ಟಿನವರು ರೊಟ್ಟಿಗೆ ಐಶ್ ಅಂತಾರೆ. ಯಾರು ಯಾವುದನ್ನು ತಿಂದು ಬದುಕ್ತಾರೋ ಅದು." ಹೊರಗೆ ಧೂಳು ಎದ್ದಿತ್ತು. ಎದುರಿನ ಗಾಡಿಯ ಕೆಂಪು ದೀಪ ಬಿಟ್ಟರೆ ಆ ದೇಶ ನನಗೆ ಮೊದಲ ದಿನ ಕಾಣಲೇ ಇಲ್ಲ.

ಜಾಬ್ರಿಯಾ

ಐದನೇ ವಾರ್ಡು ಅಂದಿದ್ದರು. ಅಲ್ಲಿಯ ಅರಬಿ ಐದು ನಮ್ಮ ಸೊನ್ನೆಯ ಹಾಗೆ ಇರುತ್ತದೆಂದು ಯಾರಿಗೆ ಗೊತ್ತು? ಆ ಬಾಗಿಲ ಮುಂದೆಯೇ ಎರಡು ಸಲ ಹೋದೆ. ಸೊನ್ನೆ ನಂಬರಿನ ವಾರ್ಡು ಯಾವ ಮಹಾಶಯ ಕಟ್ಟಿಸಿದ್ದಪ್ಪ ಎಂದು ಬೈದುಕೊಂಡೂ ಆಯಿತು. ಕೊನೆಗೆ ಕೇರಳದ ನರ್ಸೊಬ್ಬಳು ಕೈಹಿಡಿದು ಒಳಗೆ ಬಿಟ್ಟಳು.

ಎವ್ಲಿನ್ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಹಾಸಿಗೆಯಲ್ಲಿ ಇದ್ದವಳು ನನ್ನ ಅಜ್ಜಿಯ ಪ್ರಾಯದವಳ ಹಾಗೆ ಕಂಡಳು. ಹೊಟ್ಟೆ ಮಾತ್ರ ಉಬ್ಬಿತ್ತು, ಉಳಿದದ್ದೆಲ್ಲ ಮೂಳೆ. ನನ್ನನ್ನು ಕಂಡು, "ಬಾಯ್, ನೀನು ಯಾಕೆ ಬಂದದ್ದು? ಎಷ್ಟು ಖರ್ಚು," ಅಂದಳು. ಬಾಯ್ ಅಂದರೆ ನಮ್ಮಲ್ಲಿ ಅಕ್ಕ. ನಾವು ಮಾತಾಡುವುದು ಕೊಂಕಣಿಯಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ದುಃಖ ಬಂದರೆ ಸಿಟ್ಟಾಗಿಯೇ ಹೊರಗೆ ಬರುವುದು. "ಸುಮ್ಮನೆ ಮಲಗು," ಎಂದು ಗದರಿದೆ. ಅವಳಿಗೆ ಸಮಾಧಾನ ಆಯಿತೆಂದು ಕಾಣುತ್ತದೆ, ನಕ್ಕಳು.

ಪಕ್ಕದ ಹಾಸಿಗೆಯಲ್ಲಿ ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಬಿಳಿ ಹೆಂಗಸು, ಹೆಸರು ಇಂಗಾ. ಪರದೇಶದವರ ಮಕ್ಕಳ ಶಾಲೆಯಲ್ಲಿ ಟೀಚರ್. ಹಾಗಾಗಿ ನಮ್ಮಿಬ್ಬರಿಗೆ ಕೂಡಲೇ ಹೊಂದಿತು. ನಾರ್ವೆಯವಳೋ ಎಂದು ಕೇಳಿದ್ದಕ್ಕೆ, ಪಾಸ್‌ಪೋರ್ಟು ನಾರ್ವೆಯದ್ದು, ನಾನು ಸಾಮಿ ಅಂದಳು. ನಾರ್ವೆ, ಸ್ವೀಡನ್ನುಗಳ ತೀರಾ ಉತ್ತರದಲ್ಲಿ ಹಿಮದ ನಡುವೆ ಹಿಮಸಾರಂಗ ಸಾಕಿಕೊಂಡು ಬಂದ ಜನ ಸಾಮಿಗಳು. ಅವರ ಭಾಷೆಯೇ ಬೇರೆ, ಸುತ್ತಲಿನವರ ಭಾಷೆಗೂ ಅದಕ್ಕೂ ತುಳುವಿಗೂ ಹಿಂದಿಗೂ ಇರುವಷ್ಟು ದೂರ.

ಊಟದ ತಟ್ಟೆ ಬಂತು. ಎಲ್ಲರ ತಟ್ಟೆಯಲ್ಲೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದೊಂದು ಅರಬಿ ರೊಟ್ಟಿ. ಇಂಗಾ ಅದನ್ನು ಎತ್ತಿ ಹಿಡಿದು "ಲಾಯ್ಬಿ" ಅಂದಳು. ಸಾಮಿ ಭಾಷೆಯಲ್ಲಿ ರೊಟ್ಟಿಗೆ ಹಾಗೆನ್ನುತ್ತಾರಂತೆ. "ಆದರೆ ಇದು ನಮ್ಮ ಪದ ಅಲ್ಲ," ಅಂದಳು. "ನಮ್ಮ ಹಿಮದಲ್ಲಿ ಏನು ಬೆಳೆಯುತ್ತದೆ? ನಮಗೆ ಮೀನಿತ್ತು, ಮಾಂಸ ಇತ್ತು. ಹಿಟ್ಟು ಬಂದದ್ದು ದಕ್ಷಿಣದ ವ್ಯಾಪಾರಿಗಳಿಂದ, ಹಿಟ್ಟಿನ ಜೊತೆ ಪದವೂ ಬಂತು. ನಿಮ್ಮ ಇಂಗ್ಲಿಷಿನ ಲೋಫ್ ಉಂಟಲ್ಲ, ಅದೂ ಇದೂ ಒಂದೇ. ಜರ್ಮನರಲ್ಲಿ ಲೈಬ್. ಐಸ್‌ಲ್ಯಾಂಡಿನಲ್ಲಿ ಹ್ಲೇಯ್ವುರ್. ಎಲ್ಲ ಒಂದೇ ಹಳೆಯ ಪದದ ಮಕ್ಕಳು."

ನನಗೆ ಕೂಡಲೇ ನಮ್ಮ ಪಾವ್ ನೆನಪಾಯಿತು. ಅನ್ನ ತಿನ್ನುವ ನಮಗೂ ರೊಟ್ಟಿ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, ಹೆಸರು ಸಮೇತ. ಹೇಳಿದೆ. ಇಂಗಾಳಿಗೆ ಖುಷಿಯಾಯಿತು. ಆಮೇಲೆ ಅವಳು ಹೇಳಿದ ಕತೆ ಖುಷಿಯದ್ದಲ್ಲ.

ಅವಳ ತಾಯಿಯನ್ನು ಚಿಕ್ಕಂದಿನಲ್ಲಿ ಸರ್ಕಾರದ ಹಾಸ್ಟೆಲ್ ಶಾಲೆಗೆ ಎಳೆದುಕೊಂಡು ಹೋಗಿ ಹಾಕಿದ್ದರಂತೆ. ಅಲ್ಲಿ ಸಾಮಿ ಮಾತಾಡಿದರೆ ಪೆಟ್ಟು. ಮೊದಲ ದಿನ ಹಸಿವಾಗಿ ಆ ಮಗು ಲಾಯ್ಬಿ ಬೇಕು ಅಂದಿತು. ನಾರ್ವೆಯವರ ಮಾತಿನಲ್ಲಿ ಬ್ರೋ ಎಂದು ಕೇಳಬೇಕಿತ್ತು, ಮಗುವಿಗೆ ಆ ಪದ ಗೊತ್ತಿಲ್ಲ. ಗೊತ್ತಾಗುವವರೆಗೆ ರೊಟ್ಟಿ ಕೊಡಲಿಲ್ಲ.

"ಲಾಯ್ಬಿ ಆ ನಾರ್ವೆಯವರ ಅಜ್ಜಂದಿರ ಪದವೇ ಆಗಿತ್ತು," ಎಂದಳು ಇಂಗಾ. "ಅವರು ಬಿಟ್ಟುಬಿಟ್ಟರು, ನಮ್ಮ ಬಾಯಲ್ಲಿ ಉಳಿಯಿತು. ಉಳಿಸಿಕೊಂಡದ್ದಕ್ಕೆ ಪೆಟ್ಟು."

ಎವ್ಲಿನ್ ರೊಟ್ಟಿಯ ತುದಿ ಮುರಿದು ಬೆರಳಲ್ಲಿ ಹೊಸಕಿ ನೋಡಿದಳು. "ಹಿಟ್ಟು ಸರಿ ನಾದಲಿಲ್ಲ," ಎಂದು ತಟ್ಟೆ ಬದಿಗೆ ಸರಿಸಿದಳು. ತಿಂದು ಎಷ್ಟೋ ದಿನ ಆಗಿತ್ತು, ಆದರೂ ಅಡಿಗೆಯವಳ ಕೊಂಕು ಹೋಗಿರಲಿಲ್ಲ.

ಶರ್ಕ್

ಶರ್ಕ್ ಅಂದರೆ ಪೇಟೆಯ ದೊಡ್ಡ ಕಛೇರಿಗಳ ಭಾಗ. ಗಾಜಿನ ಕಟ್ಟಡಗಳು, ಬ್ಯಾಂಕುಗಳು, ಒಳಗೆ ಕಾಲಿಟ್ಟರೆ ಹಲ್ಲು ಕಡಿಯುವ ಚಳಿ. ನಾನು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಒಂದು ಕಛೇರಿಯಿಂದ ಇನ್ನೊಂದಕ್ಕೆ ಅಲೆದೆ. ಜನ ಸ್ವೆಟರ್ ನೋಡಿ ನಕ್ಕರು, ನಗಲಿ. ಕೆಲಸದವರನ್ನು ತರಿಸಿಕೊಡುವ ಕಛೇರಿಯಲ್ಲಿ ಹೇಳಿದರು, ಕಫೀಲ್ ಬರಬೇಕು. ಮೇಲಿನ ಮಹಡಿಯಲ್ಲಿ ಹೇಳಿದರು, ಕಫೀಲ್ ಬರಬೇಕು. ಒಬ್ಬ ಸಭ್ಯ ಯುವಕ ಚಹಾ ಕೊಟ್ಟು, ಮೇಡಂ, ನಿಮ್ಮ ತಂಗಿ ತೀರಿಕೊಂಡರೆ ಕಳಿಸುವುದು ಸುಲಭ, ಬದುಕಿರುವಾಗಲೇ ಕಷ್ಟ ಎಂದ. ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ. ಅವನ ಚಹಾ ನನಗೆ ಇಳಿಯಲಿಲ್ಲ.

ಹಿಂದೆ ಬರುವಾಗ ಬೀದಿಯ ಕಸದ ಡಬ್ಬಿಗಳ ಪಕ್ಕ ಮೊಳೆಗೆ ನೇತುಹಾಕಿದ ಚೀಲಗಳು ಕಂಡವು. ಒಳಗೆ ಹಳೆಯ ರೊಟ್ಟಿ. ಅಲ್ಲಿಯವರು ರೊಟ್ಟಿಯನ್ನು ಕಸದ ಜೊತೆ ಹಾಕುವುದಿಲ್ಲವಂತೆ, ದೇವರು ಕೊಟ್ಟದ್ದೆಂದು ಬೇರೆ ಇಡುತ್ತಾರೆ, ಹಕ್ಕಿಗೋ ಕುರಿಗೋ ಆಗುತ್ತದೆ. ದಾರಿಯಲ್ಲಿ ಬಿದ್ದ ತುಂಡನ್ನು ಒಬ್ಬ ಮುದುಕ ಬಗ್ಗಿ ಎತ್ತಿ, ಹಣೆಗೆ ಮುಟ್ಟಿಸಿ ಗೋಡೆಯ ಮೇಲಿಟ್ಟದ್ದನ್ನೂ ನೋಡಿದೆ. ನಾವು ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವುದಿಲ್ಲವಾ, ಹಾಗೆ. ರೊಟ್ಟಿಗೆ ಇಷ್ಟು ಮರ್ಯಾದೆ ಕೊಡುವ ಜನ ಅದನ್ನು ಮಾಡಿದವಳನ್ನು ಯಾಕೆ ಹೀಗೆ ಇಟ್ಟರು ಎಂದು ತಲೆ ಬಿಸಿಯಾಯಿತು.

ಸಂಜೆ ವಾರ್ಡಿನಲ್ಲಿ ಹಮೀದನ ಎದುರು ಕೂಗಾಡಿದೆ. "ಆ ಕಫೀಲ್ ಎಂಬ ಪದವನ್ನು ಮೊದಲು ಸಮುದ್ರಕ್ಕೆ ಬಿಸಾಡಬೇಕು."

ಹಮೀದ್ ತಲೆ ತಗ್ಗಿಸಿ, "ಅದು ಒಳ್ಳೆಯ ಪದ ಟೀಚರ್," ಅಂದ. "ಮದ್ರಸದಲ್ಲಿ ನಮಗೆ ಹೇಳಿಕೊಟ್ಟದ್ದು, ಯತೀಮ, ಅಂದರೆ ಅಪ್ಪ ಇಲ್ಲದ ಮಕ್ಕಳನ್ನು ಸಾಕುವವನಿಗೂ ಅದೇ ಹೆಸರು. ಪದ ಎಂತ ಮಾಡ್ತದೆ?"

ಇಂಗಾ ಮಲಗಿದಲ್ಲಿಂದ ನಮ್ಮ ಜಗಳ ಕೇಳುತ್ತಿದ್ದಳು. ಹಮೀದ್ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದಾಗ, "ನಿಮ್ಮ ಇಂಗ್ಲಿಷಿನಲ್ಲೂ ಅಂಥ ಒಬ್ಬ ಇದ್ದಾನೆ," ಅಂದಳು. "ಲಾರ್ಡ್."

ಲಾರ್ಡ್ ಎಂಬುದು ಮೊದಲು ಎರಡು ಪದವಂತೆ: ಲೋಫ್ ಮತ್ತು ವಾರ್ಡ್, ರೊಟ್ಟಿ ಮತ್ತು ಕಾಯುವವನು. ರೊಟ್ಟಿ ಕಾಯುವವನು ಲಾರ್ಡ್. ಲೇಡಿ ಎಂದರೆ ರೊಟ್ಟಿಯ ಹಿಟ್ಟು ನಾದುವವಳು. ಮೂರನೆಯದೂ ಒಂದು ಇತ್ತು, ರೊಟ್ಟಿ ತಿನ್ನುವವನು ಅಂತ. ಅಂದರೆ ಆಳು, ಆ ಮನೆಯ ಚಾಕರಿಯವನು. ಲಾಯ್ಬಿಯ ಒಡಹುಟ್ಟಿದವೇ ಈ ಮೂರೂ.

ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು, ಇದನ್ನು ಎಲ್ಲೂ ಓದಿರಲಿಲ್ಲ. ದಿನಾ ಪ್ರಾರ್ಥನೆಯಲ್ಲಿ ಲಾರ್ಡ್ ಅಂದೆ, ನಮ್ಮ ದಿನನಿತ್ಯದ ರೊಟ್ಟಿಯನ್ನು ಕೊಡು ಅಂದೆ, ಎರಡೂ ಒಂದೇ ಮನೆಯ ಪದಗಳೆಂದು ತಿಳಿಯಲಿಲ್ಲ. ನಮ್ಮಲ್ಲಿ ದಣಿ ಅಂದರೆ ಧನ ಇದ್ದವನು, ಅಷ್ಟು ನೇರ. ಇವರಲ್ಲಿ ಯಜಮಾನನಿಗೆ ಎಷ್ಟು ಚಂದದ ಹೆಸರು ನೋಡಿ.

"ಆ ಮೂರನೆಯ ಪದ ಈಗ ಎಲ್ಲಿದೆ?" ಎಂದು ಕೇಳಿದೆ.

"ಅದು ಸತ್ತುಹೋಯಿತು. ಲಾರ್ಡ್, ಲೇಡಿ ಉಳಿದರು."

"ಪದ ಸತ್ತಿರಬಹುದು, ಜನ ಇಲ್ಲೇ ಮಲಗಿದ್ದಾರೆ," ಅಂದೆ. ಎವ್ಲಿನ್‌ಗೆ ಇದನ್ನೆಲ್ಲ ಕೊಂಕಣಿಯಲ್ಲಿ ಹೇಳಿದಾಗ ಅವಳು ಕಣ್ಣು ಮುಚ್ಚಿಕೊಂಡೇ, "ಹಾಗಾದರೆ ಜಹ್ರಾದ ಮನೆಯ ಲೇಡಿ ನಾನೇ ಅಲ್ವಾ ಬಾಯ್," ಎಂದಳು. ನಗಲಿಕ್ಕೆ ಹೋಗಿ ನೋವು ಎದ್ದಿತು, ನರ್ಸನ್ನು ಕರೆಯಬೇಕಾಯಿತು.

ಅವಳು ನಿದ್ದೆ ಹೋದ ಮೇಲೆ ಹಮೀದನಿಗೆ ಹೇಳಿದೆ, "ನಾಳೆ ನನ್ನನ್ನು ಆ ಮನೆಗೆ ಕರಕೊಂಡು ಹೋಗು."

ಜಹ್ರಾ

ದಾರಿಯುದ್ದಕ್ಕೂ ಹಮೀದ್ ನನಗೆ ಪಾಠ ಮಾಡಿದ. ಅವರು ಮರಳುಗಾಡಿನ ಹಳೆಯ ಕುಟುಂಬದವರು. ಜೋರು ಮಾತು ಆಗದು. ಕೊಟ್ಟದ್ದನ್ನು ಮೊದಲು ತೆಗೆದುಕೊಳ್ಳಿ, ಆಮೇಲೆ ಮೆತ್ತಗೆ ವಿಷಯ ಎತ್ತುವ. ನಾನು ಹೂಂ ಅಂದೆ. ಹೂಂ ಅನ್ನುವಾಗ ನನಗೆ ಹಾಗೆ ಮಾಡುವ ಮನಸ್ಸೇ ಇತ್ತು.

ಕಂದು ಕಲ್ಲಿನ ದೊಡ್ಡ ಮನೆ. ಹೊರಗಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ನೆಲದ ಮೇಲೆ ದಿಂಬು ಹಾಸಿತ್ತು. ನಾಸರ್ ಎಂದರೆ ಯಾವುದೋ ರಾಕ್ಷಸ ಅಂದುಕೊಂಡಿದ್ದೆ. ಕನ್ನಡಕ ಹಾಕಿದ, ನಿದ್ದೆಗೆಟ್ಟ, ಸೋತ ಮುಖದ ಐವತ್ತರ ಗಂಡಸು. ಮೂಲೆಯಲ್ಲಿ ಅವನ ತಾಯಿ. ಊರಿನವರು ಅವಳನ್ನು ಉಮ್ಮ್ ನಾಸರ್, ಎಂದರೆ ನಾಸರನ ಅಮ್ಮ ಅಂತಲೇ ಕರೆಯುವುದು. ಕಣ್ಣು ಬಿಟ್ಟು ಉಳಿದ ಮುಖವೆಲ್ಲ ಕಪ್ಪು ಬಟ್ಟೆಯಲ್ಲಿ ಮುಚ್ಚಿತ್ತು. ಎವ್ಲಿನ್ ಹದಿಮೂರು ವರ್ಷ ರೊಟ್ಟಿ ಮಾಡಿದ್ದು ಮುಖ್ಯವಾಗಿ ಈ ಮುದುಕಿಗೆ. ರಗಾಗ್ ಎಂಬ ತೆಳು ರೊಟ್ಟಿ, ಹಿಟ್ಟನ್ನು ಕೈಯಲ್ಲೇ ಬಿಸಿ ಕಾವಲಿಯ ಮೇಲೆ ಸವರಿ ಕಾಗದದಷ್ಟು ತೆಳ್ಳಗೆ ಎತ್ತಬೇಕು. ನೀರುದೋಸೆ ಹೊಯ್ದ ಕೈ ಅಲ್ಲವಾ, ಎವ್ಲಿನ್‌ಗೆ ಬೇಗ ಬಂದಿತ್ತಂತೆ.

ಕೆಲಸದ ಹೆಂಗಸು ಕಾಫಿ ಮತ್ತು ರೊಟ್ಟಿ ತಂದಿಟ್ಟಳು. ಎವ್ಲಿನ್‌ಳ ಜಾಗಕ್ಕೆ ಬಂದವಳು, ಕಡಪದ ಮಂಗಮ್ಮ ಎಂದು ಹಮೀದ್ ಹೇಳಿದ್ದ, ಊರಿನಲ್ಲಿ ಎರಡು ಮಕ್ಕಳು. ಅವಳ ಬೆರಳ ತುದಿಗಳಲ್ಲೆಲ್ಲ ಕಾವಲಿ ಸುಟ್ಟ ಗುಳ್ಳೆ. ರೊಟ್ಟಿ ದಪ್ಪ, ಅಂಚು ಕರಿ. ಹಿಡಿಕೆ ಇಲ್ಲದ ಪುಟ್ಟ ಕಪ್ಪಿನಲ್ಲಿ ಕಾಫಿ ನನ್ನ ಕೈಗೆ ಕೊಟ್ಟಳು. ಆ ಬೆರಳು ನೋಡಿದ ಮೇಲೆ ನನಗೆ ಆಗಲಿಲ್ಲ. ನಮ್ಮ ಕಡೆ ಮನಸ್ತಾಪ ಇದ್ದ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ನನ್ನ ಅಮ್ಮ ತೋಟದ ಗಡಿಯ ತಕರಾರಿಗೆ ಸ್ವಂತ ಅಣ್ಣನ ಮನೆಯಲ್ಲಿ ಹನ್ನೊಂದು ವರ್ಷ ನೀರು ಕುಡಿದಿರಲಿಲ್ಲ. ನಾನು ಅವಳ ಮಗಳು. ಕಪ್ಪನ್ನು ನನ್ನ ಮುಂದೆ ನೆಲದ ಮೇಲೆ ಇಟ್ಟುಬಿಟ್ಟೆ.

"ಕುಡೀರಿ ಟೀಚರ್," ಎಂದು ಹಮೀದ್ ಪಿಸುಗುಟ್ಟಿದ. ಅವನ ಹಣೆಯಲ್ಲಿ ಬೆವರು.

"ಬೇಡ."

ನಾಸರ್ ನಿಧಾನವಾಗಿ ಮಾತಾಡಿದ, ಹಮೀದ್ ಕನ್ನಡದಲ್ಲಿ ಹೇಳುತ್ತಾ ಹೋದ. ನಾವು ಅವಳಿಗೆ ಏನು ಕಡಿಮೆ ಮಾಡಿದ್ದೆವು. ಮನೆಯವಳ ಹಾಗೆ ಇದ್ದಳು. ಹದಿಮೂರು ವರ್ಷ ನಮ್ಮ ರೊಟ್ಟಿ ತಿಂದಳು, ಹೋಗುವಾಗ ನನ್ನ ತಾಯಿಗೆ ಒಂದು ಮಾತು ಹೇಳಲಿಲ್ಲ.

"ಯಾರ ರೊಟ್ಟಿ? ನಾದಿದವರು ಯಾರು ಅಂತ ಕೇಳು," ಅಂದೆ.

ಹಮೀದ್ ಅದನ್ನು ಅರಬಿಯಲ್ಲಿ ಕೇಳಲಿಲ್ಲ. ಅಷ್ಟರಲ್ಲಿ ಮುದುಕಿ ಕೈಯೆತ್ತಿದಳು. ಅವಳು ಮಗನನ್ನು ನೋಡುತ್ತಿರಲಿಲ್ಲ, ನನ್ನ ಮುಂದೆ ಆರುತ್ತಿದ್ದ ಕಪ್ಪನ್ನೇ ನೋಡುತ್ತಿದ್ದಳು. ಏನೋ ಒಂದು ಮಾತು ಹೇಳಿದಳು. ಹಮೀದ್ ನನ್ನ ಕಡೆ ತಿರುಗಿ, "ನಿಮಗೆ ಬೇಕಾದದ್ದನ್ನು ಕೇಳಲಿಕ್ಕೆ ಹೇಳ್ತಿದ್ದಾರೆ," ಅಂದ.

"ನನ್ನ ತಂಗಿ ಸಾಯುತ್ತಿದ್ದಾಳೆ. ಅವಳ ಮೇಲಿನ ಕೇಸು ತೆಗೀರಿ. ಅವಳು ಊರಿನಲ್ಲಿ ಕಣ್ಣು ಮುಚ್ಚಬೇಕು."

ಸಾಯುತ್ತಿದ್ದಾಳೆ ಎಂಬುದು ಮುದುಕಿಗೆ ಗೊತ್ತಿರಲಿಲ್ಲ. ಅದನ್ನು ಹಮೀದ್ ಅರಬಿಯಲ್ಲಿ ಹೇಳಿದಾಗ ಆ ಎರಡು ಕಣ್ಣು ಮಗನ ಕಡೆ ಹೊರಳಿದ್ದು ನಾನು ಕಂಡೆ. ನಾಸರ್ ತಲೆ ತಗ್ಗಿಸಿದ. ತಾಯಿ ಮಗ ಸ್ವಲ್ಪ ಹೊತ್ತು ಮಾತಾಡಿದರು, ಮಾತು ಹೆಚ್ಚು ಅವಳದೇ. ಕೊನೆಗೆ ಅವನು ನನ್ನ ಮುಂದೆ ಬಂದು ಕೂತು, ಆರಿದ ಕಾಫಿ ಚೆಲ್ಲಿಸಿ, ತಾನೇ ಬೇರೆ ಹೊಯ್ದು ಕೊಟ್ಟ. "ಇಶ್ರಬಿ," ಅಂದಳು ಮುದುಕಿ. ಕುಡಿ.

"ಈಗ ಕುಡಿಯಲೇಬೇಕು ಟೀಚರ್. ನಿಮಗೆ ಕೈಮುಗೀತೇನೆ," ಅಂದ ಹಮೀದ್. ಕುಡಿದೆ. ಏಲಕ್ಕಿ ಹಾಕಿದ ಕಹಿ ಕಷಾಯ.

ಕಾರು ತಿರುವು ದಾಟಿದ ಮೇಲೆ ಅವನು ಬದಿಗೆ ನಿಲ್ಲಿಸಿದ. "ಇದನ್ನು ನಿಮಗೆ ಯಾರು ಹೇಳಿಕೊಟ್ಟದ್ದು?"

"ಎಂತದ್ದು?"

ಆಗ ಹೇಳಿದ. ಈ ಜನರಲ್ಲಿ ದೊಡ್ಡದೊಂದನ್ನು ಬೇಡಲು ಬಂದ ಅತಿಥಿ ಕಾಫಿಯನ್ನು ಕುಡಿಯದೆ ಮುಂದಿಡುತ್ತಾನಂತೆ. ಕೇಳಿದ್ದನ್ನು ಕೊಡುತ್ತೇನೆ, ಕುಡಿ ಎಂದು ಮನೆಯವರು ಹೇಳುವವರೆಗೆ ಮುಟ್ಟುವುದಿಲ್ಲ. ಅತಿಥಿ ಕುಡಿಯದೆ ಎದ್ದು ಹೋದರೆ ಆ ಮನೆಯ ಮಾನ ಹೋದ ಹಾಗೆ. ಕೊಲೆಯ ಹಗೆಯನ್ನೂ ಹೀಗೆ ಮುಗಿಸಿದ್ದುಂಟಂತೆ. "ಅದು ಗಂಡಸರ ಪದ್ಧತಿ. ಹೆಂಗಸು ಇಟ್ಟದ್ದು ನಾನು ನೋಡಿದ್ದು ಇದೇ ಮೊದಲು," ಅಂದ. ನಾನು ಸಿಟ್ಟಿನಲ್ಲಿ ಇಟ್ಟದ್ದು ಎಂದು ಹೇಳಿದೆ. ಅವನು ಸ್ಟಿಯರಿಂಗಿಗೆ ಹಣೆ ಇಟ್ಟು ನಕ್ಕ. ಆಮೇಲೆ ಕಣ್ಣೊರೆಸಿಕೊಂಡ.

ಜಾಬ್ರಿಯಾ, ಮತ್ತೆ

ಎವ್ಲಿನ್ ನಗಲಿಲ್ಲ. ಕಪ್ಪಿನ ಕತೆ ಕೇಳಿ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು.

"ನನಗೆ ಗೊತ್ತಿತ್ತು ಬಾಯ್," ಅಂದಳು. "ಎಷ್ಟೋ ಸಲ ನೋಡಿದ್ದೇನೆ. ಆ ಕಾಫಿ ಕಾಯಿಸಿ ಒಳಗಿಂದ ಕಳಿಸಿದವಳೇ ನಾನು. ಒಳ್ಳೆಯ ಪದ್ಧತಿ. ಆದರೆ ಕಪ್ಪು ಇಡಬೇಕಾದರೆ ಮೊದಲು ಯಾರಾದರೂ ಕಪ್ಪು ಕೊಡಬೇಕಲ್ಲ? ನನ್ನ ಕೈಯಲ್ಲಿ ಇದ್ದದ್ದು ತಟ್ಟೆ."

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ನನಗೆ ಅಷ್ಟು ಹೊಟ್ಟೆ ಉರಿದದ್ದು ಜೀವಮಾನದಲ್ಲಿ ಬೇರೆ ನೆನಪಿಲ್ಲ.

ನಾಸರ್ ಮಾತು ಉಳಿಸಿಕೊಂಡ. ಕೇಸು ಹೋಯಿತು, ಪಾಸ್‌ಪೋರ್ಟನ್ನು ಹಮೀದನ ಅಂಗಡಿಗೆ ತಂದುಕೊಟ್ಟ. ಅದನ್ನು ಹಿಡಿದುಕೊಂಡು ನಾನು ಡಾಕ್ಟರ ಬಳಿಗೆ ಓಡಿದೆ. ಅವರು ಎವ್ಲಿನ್‌ಳ ಹೊಟ್ಟೆ ಮುಟ್ಟಿ ನೋಡಿ, ನನ್ನನ್ನು ಹೊರಗೆ ಕರೆದು, ವಿಮಾನದಲ್ಲಿ ಈಗ ಸಾಧ್ಯವೇ ಇಲ್ಲ, ಒಂದು ತಿಂಗಳ ಹಿಂದೆ ಆಗಿದ್ದರೆ ಎಂದರು. ಒಂದು ತಿಂಗಳ ಹಿಂದೆ ಆ ಮನೆಯಲ್ಲಿ ಮದುವೆ ಇತ್ತು. ಎವ್ಲಿನ್ ನಿಂತುಕೊಂಡು ಮುನ್ನೂರು ಜನರಿಗೆ ರೊಟ್ಟಿ ಎತ್ತಿದ್ದಳು.

ಅವಳಿಗೆ ಹೇಳುವುದು ಹೇಗೆ ಎಂದು ಯೋಚಿಸುತ್ತ ಒಳಗೆ ಬಂದೆ. ಹೇಳಬೇಕಾಗಲಿಲ್ಲ. "ಪಾಸ್‌ಪೋರ್ಟು ಕೊಡು," ಎಂದು ತೆಗೆದುಕೊಂಡಳು. ಒಳಗಿದ್ದ ತನ್ನ ಹಳೆಯ ಫೋಟೋ ನೋಡಿದಳು, ದಿಂಬಿನ ಕೆಳಗಿಟ್ಟಳು. ನೊವೆಂನ ಒಂದು ಕಾಳು ಸುಲಿದು ಅವಳ ಬಾಯಿಗೆ ಹಾಕಿದೆ. ಜಗಿಯಲಿಕ್ಕೆ ಆಗದೆ ನಾಲಿಗೆಯ ಮೇಲೆ ಇಟ್ಟುಕೊಂಡಳು.

ಮರುದಿನ ಮಧ್ಯಾಹ್ನ ಉಮ್ಮ್ ನಾಸರ್ ಬಂದಳು. ಹಮೀದ್ ಅವಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಅವಳ ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಎವ್ಲಿನ್‌ಳ ಕೈಹಿಡಿದು ಅತ್ತಳು, ನಿಜವಾಗಿಯೇ ಅತ್ತಳು. ನಮ್ಮಿಂದ ತಪ್ಪಾಗಿದ್ದರೆ ಮನ್ನಿಸು, ನಮ್ಮ ನಡುವೆ ರೊಟ್ಟಿ ಉಪ್ಪಿನ ಋಣ ಉಂಟು ಅಂದಳು. ಹಮೀದ್ ನನ್ನ ಕಿವಿಯಲ್ಲಿ ಎಲ್ಲವನ್ನೂ ಹೇಳುತ್ತಿದ್ದ. ಮುದುಕಿ ಬಟ್ಟೆ ಬಿಚ್ಚಿ ಒಂದು ರೊಟ್ಟಿಯನ್ನು ಎವ್ಲಿನ್‌ಳ ಅಂಗೈಯಲ್ಲಿಟ್ಟಳು.

ಎವ್ಲಿನ್ ಅದನ್ನು ತಿರುವಿ ನೋಡಿದಳು. ದಪ್ಪ, ಅಂಚು ಕರಿ. "ಮಾಡಿದ್ದು ಯಾರು?"

"ಮಂಗಮ್ಮ. ಅವಳಿಗೆ ಇನ್ನೂ ಕೈ ಕೂಡಿಲ್ಲ."

ಎವ್ಲಿನ್ ರೊಟ್ಟಿಯನ್ನು ನಿಧಾನವಾಗಿ ಹಾಸಿಗೆಯ ಮೇಲೆ, ತನ್ನ ಮುಂದೆ ಇಟ್ಟಳು. ಕೈ ಹಿಂದೆ ತೆಗೆದಳು. ಹಮೀದ್ ಪಿಸುಗುಡುವುದನ್ನು ಒಂದು ಕ್ಷಣ ನಿಲ್ಲಿಸಿದ. ಪಕ್ಕದ ಹಾಸಿಗೆಯಲ್ಲಿ ಇಂಗಾ ಮೊಣಕೈ ಊರಿ ಎದ್ದು ಕೂತಳು.

ಮುದುಕಿಗೆ ಅರ್ಥವಾಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೆಲಸದವಳು ಹೀಗೆ ಮಾಡುವುದನ್ನು ಅವಳು ಎಲ್ಲಿ ಕಂಡಿದ್ದಾಳೆ? "ಕೇಳು ಮಗಳೇ," ಅಂದಳು. "ನಿನಗೆ ಏನು ಬೇಕು, ಕೇಳು."

"ನನಗೆ ಇನ್ನು ಏನೂ ಆಗಬೇಕಾದ್ದಿಲ್ಲ ಅಮ್ಮ. ಮಂಗಮ್ಮ ಊರಿಗೆ ಹೋಗುತ್ತೇನೆ ಅಂದ ದಿನ ಅವಳನ್ನು ಕಳಿಸಿ. ರಂಜಾನ್ ಅನ್ನಬೇಡಿ. ಮದುವೆ ಅನ್ನಬೇಡಿ."

ಮುದುಕಿ ಬಾಗಿಲ ಕಡೆ ನೋಡಿದಳು, ಮಗ ಅಲ್ಲಿರಲಿಲ್ಲ. ರೊಟ್ಟಿಯನ್ನು ನೋಡಿದಳು. ಕಾಫಿಯಾದರೆ ಆರುತ್ತದೆ, ಬೇರೆ ಹೊಯ್ಯಬಹುದು; ಇದು ಹಾಗೇ ಬಿದ್ದಿತ್ತು. ಅವಳು ಅದನ್ನು ಎತ್ತಿ ತನ್ನ ಹಣೆಗೆ ಮುಟ್ಟಿಸಿ ಮತ್ತೆ ಎವ್ಲಿನ್‌ಳ ಕೈಗೆ ಕೊಟ್ಟು, "ತಿನ್ನು. ನೀನು ಕೇಳಿದ್ದು ಆಯಿತು," ಅಂದಳು.

ಎವ್ಲಿನ್ ಉಗುರಿನಷ್ಟು ಮುರಿದು ಬಾಯಿಗೆ ಹಾಕಿದಳು. ನುಂಗಲಿಕ್ಕೆ ಆಗಲಿಲ್ಲ. ಮುದುಕಿ ಹೋಗುವವರೆಗೆ ಕೆನ್ನೆಯಲ್ಲೇ ಇಟ್ಟುಕೊಂಡಿದ್ದು, ಆಮೇಲೆ ನನ್ನ ಅಂಗೈಗೆ ಉಗಿದಳು. "ಉಪ್ಪು ಕಡಿಮೆ," ಅಂದಳು.

ಮನ್ನಿಸಿದೆಯಾ ಎಂದು ನಾನು ಕೇಳಲಿಲ್ಲ. ಆ ವಾರವೇ ಅವಳು ಹೋದಳು.

ಊರು

ಶರ್ಕಿನ ಆ ಯುವಕ ಹೇಳಿದ್ದು ನಿಜವಾಯಿತು. ಪೆಟ್ಟಿಗೆ ಕಳಿಸುವುದಕ್ಕೆ ಯಾರೂ ಅಡ್ಡ ಬರಲಿಲ್ಲ. ಮುಚ್ಚುವ ಮೊದಲು ಉಳಿದ ನೊವೆಂ ತೆನೆಯನ್ನು ಅವಳ ಕೈಯಲ್ಲಿಟ್ಟೆ. ಇಂಗಾ ಊರುಗೋಲು ಹಿಡಿದು ವಾರ್ಡಿನ ಬಾಗಿಲವರೆಗೆ ಬಂದು ನನ್ನನ್ನು ತಬ್ಬಿಕೊಂಡಳು. ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಲಾರ್ಡ್ ಎಂದಾಗಲೆಲ್ಲ ನನ್ನ ನಾಲಿಗೆ ಈಗ ತಡೆಯುತ್ತದೆ. ಕನ್ನಡದಲ್ಲೋ ಕೊಂಕಣಿಯಲ್ಲೋ ಪ್ರಾರ್ಥನೆ ಮಾಡುತ್ತೇನೆ.

ಮುಂದಿನ ಮೊಂತಿ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಹಮೀದನ ಫೋನು ಬಂತು.

"ಮಂಗಮ್ಮನ ಮಗನಿಗೆ ಹುಷಾರಿಲ್ಲ ಅಂತ ಕಾಗದ ಬಂದಿತ್ತು ಟೀಚರ್. ಅವಳು ಕೇಳಿದಳು. ನಾಸರ್ ಆಮೇಲೆ ನೋಡುವ ಅಂದನಂತೆ. ಮುದುಕಿ ಬಿಡಲಿಲ್ಲ. ಮೊನ್ನೆ ವಿಮಾನ ಹತ್ತಿಸಿದರು."

ನಾನು ಕುರ್ಚಿ ಎಳೆದು ಕೂತೆ. ಎವ್ಲಿನ್‌ಗಾಗಿ ಅಷ್ಟು ದಿನ ಬಾರದ ಅಳು ಆಗ ಬಂತು. ಹಮೀದ್ ಆ ಕಡೆ ಕಾದ. ಮೂಗೊರೆಸಿಕೊಂಡ ಮೇಲೆ, ಬಾಯಿಗೆ ಬಂದದ್ದನ್ನು ಕೇಳಿದೆ.

"ಹಾಗಾದರೆ ಆ ಮನೆಯಲ್ಲಿ ಈಗ ರೊಟ್ಟಿ ಮಾಡುವುದು ಯಾರು?"

"ಹೊಸಬಳು ಬಂದಿದ್ದಾಳೆ," ಅಂದ. "ನಿನ್ನೆ ಹಿಟ್ಟು ತಗೊಂಡು ಹೋಗಲಿಕ್ಕೆ ಅಂಗಡಿಗೆ ಬಂದಿದ್ದಳು. ಯಾವ ದೇಶವೋ, ಹೆಸರು ಗೊತ್ತಿಲ್ಲ."

"ನಾಳೆ ಬಂದರೆ ಹೆಸರು ಕೇಳು," ಎಂದು ಫೋನು ಇಟ್ಟೆ.